ಜವಾರಿ ಕೋಳಿಯ ಗರಿ ಬಣ್ಣ, ಪಟ್ಟೆ, ಚುಕ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಹಿತ್ತಲಲ್ಲಿ ಜವಾರಿ ಕೋಳಿ ಸಾಕುವ ಮನೆಗಳು ಇನ್ನೂ ಬೇಕಾದಷ್ಟಿವೆ. ಅವರಲ್ಲಿ ಕೆಲವರು ಬಣ್ಣ ನೋಡಿ ಜೋಡಿ ಹಾಕಲು ಶುರು ಮಾಡಿದ್ದಾರೆ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ನನಗೆ ಗೊತ್ತಿರುವ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಜವಾರಿ ಕೋಳಿ ಅಂದರೆ ಒಂದು ತಳಿಯಾ?

ಅಲ್ಲ. ಊರಲ್ಲಿ ತಲೆಮಾರುಗಳಿಂದ ತಾವೇ ಕೂಡಿ, ತಾವೇ ಕಾವು ಕೊಟ್ಟು ಬೆಳೆದ ಕೋಳಿಗಳಿಗೆಲ್ಲ ನಾವು ಜವಾರಿ ಅನ್ನುತ್ತೇವೆ. ಒಂದೇ ಮನೆಯಲ್ಲಿ ಕರಿ, ಕೆಂಪು, ಬೂದಿ, ಚುಕ್ಕೆ ಎಲ್ಲ ಸಿಗುತ್ತವೆ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಸಂಸ್ಥೆ ದೇಸಿ ತಳಿಗಳನ್ನು ನೋಂದಾಯಿಸುತ್ತದೆ. ಅದರ ಪಟ್ಟಿಯಲ್ಲಿ ಅಸೀಲ್, ಕಡಕನಾಥ್ ಇವೆ. ಆಂಧ್ರ ಮತ್ತು ಕರ್ನಾಟಕ ಎರಡಕ್ಕೂ ಸೇರಿದ ಘಾಗಸ್ ಕೂಡ ಇದೆ.

ಬಣ್ಣಕ್ಕೊಂದು ಹೆಸರಿಟ್ಟು ಕಾಪಾಡಿದ ದೇಸಿ ತಳಿ ನೋಡಬೇಕು ಅಂದರೆ ಅಸೀಲ್ ನೋಡಿ. ಬಂಗಾರ ಕೆಂಪಿಗೆ ಪೀಲಾ, ಕಪ್ಪು-ಕೆಂಪಿಗೆ ಯಾಕೂಬ್, ಬಿಳಿಗೆ ನೂರಿ, ಕಪ್ಪಿಗೆ ಕಾಗರ್, ಕಪ್ಪು-ಬಿಳಿ ಚುಕ್ಕೆಗೆ ಚಿಟ್ಟಾ, ಕಂದಿಗೆ ಟೀಕರ್. ಓದು ಬರಹ ಬಾರದ ಸಾಕಣೆದಾರರೂ ಈ ಬಣ್ಣಗಳನ್ನು ಕಾಯ್ದುಕೊಂಡು ಬಂದಿದ್ದಾರೆ. ನಮ್ಮ ಜವಾರಿಗೂ ಅಷ್ಟು ಕಾಳಜಿ ಸಿಗಬೇಕು ಅನ್ನುವುದು ನನ್ನ ಆಸೆ.

ಬಣ್ಣ ನೋಡಿ ಸಾಕುವುದರಿಂದ ಉಪಯೋಗ ಏನು?

ಸಂತೆಯಲ್ಲಿ ಬಣ್ಣಕ್ಕೆ ಬೆಲೆ ಇದೆ. ಹರಕೆಗೆ ಕರಿ ಹುಂಜವೇ ಬೇಕು, ಕೆಂಪು ಹುಂಜವೇ ಬೇಕು ಎಂದು ಹುಡುಕಿಕೊಂಡು ಬರುವವರಿದ್ದಾರೆ. ಒಂದೇ ಬಣ್ಣದ ಕೋಳಿಗಳಿದ್ದರೆ ನಿಮ್ಮ ಮನೆಯ ಕೋಳಿ ಯಾವುದು ಎಂದು ದೂರದಿಂದಲೇ ಗೊತ್ತಾಗುತ್ತದೆ. ಹೊರಗಿನ ಹುಂಜದ ಬೆರಕೆ ಆಗಿದ್ದರೆ ಮರಿಗಳಲ್ಲಿ ಅದು ಬೇಗ ಕಣ್ಣಿಗೆ ಬೀಳುತ್ತದೆ.

ಆದರೆ ಒಂದು ಮಾತು ಮೊದಲೇ ಹೇಳುತ್ತೇನೆ. ಮೊದಲು ಒಳ್ಳೆ ಕೋಳಿ ಆರಿಸಿ, ಬಣ್ಣ ಆಮೇಲೆ ನೋಡಿ. ಕಾವಿಗೆ ಕೂರುವ ಗುಣ, ಮರಿ ಕಾಯುವ ಗುಣ, ಗಟ್ಟಿ ಕಾಲು, ರೋಗಕ್ಕೆ ಬಗ್ಗದ ಮೈ: ಇವೇ ಜವಾರಿ ಕೋಳಿಯ ನಿಜವಾದ ಆಸ್ತಿ. ಚಂದದ ಚುಕ್ಕೆ ಇದೆ ಎಂದು ಮರಿ ಬಿಟ್ಟು ಓಡುವ ಹೇಂಟೆಯನ್ನು ಉಳಿಸಿಕೊಂಡರೆ ನಾಲ್ಕೈದು ತಲೆಮಾರಿನಲ್ಲಿ ಬಣ್ಣ ಮಾತ್ರ ಉಳಿದು ಜವಾರಿತನ ಹೋಗಿಬಿಡುತ್ತದೆ.

ಎಷ್ಟು ಕೋಳಿಯಿಂದ ಶುರು ಮಾಡಬೇಕು?

ಒಂದು ಹುಂಜ, ನಾಲ್ಕೈದು ಹೇಂಟೆ ಇದ್ದರೆ ಕಲಿಯಲು ಸಾಕು. ಒಂದು ಹುಂಜಕ್ಕೆ ಎಂಟು-ಹತ್ತು ಹೇಂಟೆಗಿಂತ ಜಾಸ್ತಿ ಬೇಡ. ಕೆಲಸ ಮುಂದುವರಿಸುವುದಾದರೆ ಒಂದಕ್ಕೊಂದು ಸಂಬಂಧವಿಲ್ಲದ ಕನಿಷ್ಠ ಎರಡು-ಮೂರು ಮನೆತನದ ಕೋಳಿ ಇಟ್ಟುಕೊಳ್ಳಿ.

ಸಂತೆಯಿಂದ ತಂದ ಕೋಳಿಯನ್ನು ನೇರವಾಗಿ ಗುಂಪಿಗೆ ಬಿಡಬೇಡಿ. ಮೂರರಿಂದ ನಾಲ್ಕು ವಾರ ಬೇರೆ ಗೂಡಲ್ಲಿ, ಬೇರೆ ನೀರಿನ ಪಾತ್ರೆ ಇಟ್ಟು ಸಾಕಿ. ಸಾಧ್ಯವಾದರೆ ಸಂತೆಯ ಬದಲು ಮನೆಯಿಂದ ಮನೆಗೆ ಕೊಳ್ಳಿ. ಅಲ್ಲಿ ತಾಯಿ-ತಂದೆ ಕೋಳಿಗಳನ್ನೂ ನೋಡಬಹುದು. ಬಣ್ಣದ ಕೆಲಸದಲ್ಲಿ ಅದರಷ್ಟು ಬೆಲೆಬಾಳುವ ಮಾಹಿತಿ ಬೇರೆ ಇಲ್ಲ.

ಕೆಂಪು ಹುಂಜಕ್ಕೆ ಜೋಡಿಯಾಗಿ ಕೆಂಪು ಹೇಂಟೆಯನ್ನೇ ಹುಡುಕಬೇಕಾ?

ಇಲ್ಲಿ ತುಂಬ ಜನ ದಾರಿ ತಪ್ಪುತ್ತಾರೆ. ಕತ್ತಿನಲ್ಲಿ ಬಂಗಾರ-ಕೆಂಪು ಗರಿ, ಕರಿ ಎದೆ, ಹಸಿರು ಮಿಂಚಿನ ಕರಿ ಬಾಲ ಇರುವ ಹುಂಜ ನಮ್ಮಲ್ಲಿ ಸಾಮಾನ್ಯ. ಅದೇ ಬಣ್ಣದ ಹೇಂಟೆ ಕೆಂಪಗೆ ಇರುವುದಿಲ್ಲ. ಅದು ಮಣ್ಣಿನ ಬಣ್ಣದ್ದು, ಬೆನ್ನ ಮೇಲೆ ಸಣ್ಣ ಸಣ್ಣ ಕರಿ ಗೆರೆ, ಎದೆ ಮಾತ್ರ ತಿಳಿ ಕೆಂಪು. ನೋಡಲು ಬೇರೆ ಬೇರೆ ಕೋಳಿ ಅನ್ನಿಸಿದರೂ ಇವೆರಡೂ ಒಂದೇ ಬಣ್ಣದ ಗಂಡು-ಹೆಣ್ಣು. ಕಾಡಿನ ಕೆಂಪು ಕೋಳಿಯಿಂದ ಬಂದ ಮೂಲ ಬಣ್ಣ ಇದೇ.

ಕಷ್ಟ ಏನೆಂದರೆ ಇನ್ನೊಂದು ಬಗೆಯೂ ಇದೆ. ಅದರ ಹುಂಜ ಹೆಚ್ಚು ಕಡಿಮೆ ಹೀಗೇ ಕಾಣುತ್ತದೆ. ಆದರೆ ಹೇಂಟೆ ಗೋಧಿ ಬಣ್ಣದ್ದು. ಹುಂಜ ನೋಡಿ ಇವೆರಡನ್ನು ಬೇರೆ ಮಾಡುವುದು ಸುಲಭವಲ್ಲ. ಒಂದು ದಿನದ ಮರಿಯಲ್ಲಿ ಮಾತ್ರ ಥಟ್ಟನೆ ಗೊತ್ತಾಗುತ್ತದೆ. ಮೂಲ ಬಣ್ಣದ ಮರಿಗೆ ಬೆನ್ನ ಮೇಲೆ ಅಳಿಲಿನಂಥ ಗೆರೆ ಇರುತ್ತದೆ. ಗೋಧಿ ಬಣ್ಣದ ಮರಿ ಗೆರೆ ಇಲ್ಲದೆ ಕೆನೆ ಬಣ್ಣದ್ದಾಗಿರುತ್ತದೆ. ಅದಕ್ಕೇ ಮರಿ ಒಡೆದ ದಿನವೇ ಫೋಟೊ ತೆಗೆದಿಡಿ ಎಂದು ಎಲ್ಲರಿಗೂ ಹೇಳುತ್ತೇನೆ. ವಾರ ಕಳೆದರೆ ಆ ಗುರುತು ಮಾಸುತ್ತದೆ.

ಮಣ್ಣು ಬಣ್ಣದ ಹೇಂಟೆಯನ್ನು ಚಂದ ಇಲ್ಲ ಎಂದು ಮಾರಬೇಡಿ. ಬೇಲಿ ಬುಡದಲ್ಲಿ ಕಾವಿಗೆ ಕೂತರೆ ಹದ್ದಿಗೂ ಮುಂಗುಸಿಗೂ ಅದು ಬೇಗ ಕಾಣುವುದಿಲ್ಲ.

ಕೋಳಿಗೆ ಎಷ್ಟು ಬಣ್ಣ ಇರುತ್ತವೆ?

ಗರಿಗೆ ಬಣ್ಣ ಕೊಡುವ ವಸ್ತು ಎರಡೇ. ಒಂದು ಕಪ್ಪು, ಇನ್ನೊಂದು ಕೆಂಪು. ಕೆಂಪು ತೆಳುವಾದರೆ ಬಂಗಾರ, ಇನ್ನೂ ತೆಳುವಾದರೆ ಕೆನೆ. ಕಪ್ಪು ತೆಳುವಾದರೆ ಬೂದಿ. ಬಣ್ಣವೇ ತಯಾರಾಗದಿದ್ದರೆ ಬಿಳಿ. ಹಸಿರು ಮಿಂಚು ಬಣ್ಣವಲ್ಲ, ಕರಿ ಗರಿಯ ಮೇಲೆ ಬೆಳಕು ಆಡುವ ಆಟ. ಕಪ್ಪು ಎಲ್ಲಿ, ಕೆಂಪು ಎಲ್ಲಿ, ಎಷ್ಟು ಎಂದು ತೀರ್ಮಾನಿಸುವ ಜೀನ್‌ಗಳು ಮಾತ್ರ ಹಲವು. ಪ್ರತಿ ಮರಿಗೂ ಅವು ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಜೋಡಿಯಾಗಿ ಬರುತ್ತವೆ. ಇದೊಂದು ತಲೆಯಲ್ಲಿದ್ದರೆ ಮುಂದಿನದು ಸುಲಭ.

ಕರಿ ಹುಂಜ, ಕರಿ ಹೇಂಟೆ ಬಿಟ್ಟರೂ ಕೆಂಪು ಮರಿ ಬಂತು. ಬೆರಕೆ ಆಗಿದೆಯಾ?

ಹೊರಗಿನ ಹುಂಜ ಬಂದಿರಲೂಬಹುದು. ಆದರೆ ಬರದಿದ್ದರೂ ಹೀಗಾಗುತ್ತದೆ. ಇಡೀ ಮೈ ಕಪ್ಪು ಮಾಡುವ ಜೀನ್ ಬಲವಾದದ್ದು, ಒಂದು ಪ್ರತಿ ಇದ್ದರೂ ಕೋಳಿ ಕಪ್ಪಾಗಿ ಕಾಣುತ್ತದೆ. ಇನ್ನೊಂದು ಪ್ರತಿ ಕೆಂಪಿನದ್ದಾಗಿ ಒಳಗೆ ಅಡಗಿರಬಹುದು. ಅಂಥ ಎರಡು ಕರಿ ಕೋಳಿ ಕೂಡಿದರೆ ಸುಮಾರು ನಾಲ್ಕರಲ್ಲಿ ಒಂದು ಮರಿ ಕಪ್ಪಲ್ಲದೆ ಬರುತ್ತದೆ.

ಕರಿ ಹುಂಜದ ಕತ್ತಿನ ಗರಿಯನ್ನು ಬಿಸಿಲಲ್ಲಿ ಬಿಡಿಸಿ ನೋಡಿ. ಕೆಂಪು ಅಥವಾ ಹಿತ್ತಾಳೆ ಬಣ್ಣದ ಎಳೆ ಇದ್ದರೆ ಒಳಗೆ ಬೇರೆ ಬಣ್ಣ ಇರುವ ಸಾಧ್ಯತೆ ಜಾಸ್ತಿ.

ಪಟ್ಟೆ ಕೋಳಿಯ ಮರಿಗಳಲ್ಲಿ ಮೊದಲ ದಿನವೇ ಹೆಣ್ಣು-ಗಂಡು ಹೇಳಬಹುದಂತೆ, ನಿಜವಾ?

ನಿಜ. ನಾನು ಹೇಳುತ್ತಿರುವುದು ಕರಿ ಗರಿಗೆ ಅಡ್ಡಡ್ಡ ಬಿಳಿ ಪಟ್ಟೆ ಇರುವ ಕೋಳಿ. ಈ ಪಟ್ಟೆಯ ಜೀನ್ ಲಿಂಗ ತೀರ್ಮಾನಿಸುವ ವರ್ಣತಂತುವಿನ (ಜೀನ್‌ಗಳನ್ನು ಹೊತ್ತ ಎಳೆಯ) ಮೇಲಿದೆ. ಹುಂಜಕ್ಕೆ ಆ ವರ್ಣತಂತು ಎರಡು, ಹೇಂಟೆಗೆ ಒಂದೇ. ಹಾಗಾಗಿ ಹೇಂಟೆ ತನ್ನ ಪಟ್ಟೆಯನ್ನು ಗಂಡುಮಕ್ಕಳಿಗೆ ಮಾತ್ರ ಕೊಡುತ್ತದೆ. ಹೆಣ್ಣುಮಕ್ಕಳಿಗೆ ಪಟ್ಟೆ ಬರಬೇಕಾದರೆ ಅದು ತಂದೆಯಿಂದಲೇ ಬರಬೇಕು.

ಈಗ ಪಟ್ಟೆ ಇಲ್ಲದ ಕರಿ ಹುಂಜಕ್ಕೆ ಪಟ್ಟೆ ಹೇಂಟೆ ಬಿಡಿ. ಮರಿಗಳೆಲ್ಲ ಕರಿಯಾಗಿ ಹುಟ್ಟುತ್ತವೆ. ಅವುಗಳಲ್ಲಿ ನೆತ್ತಿಯ ಮೇಲೆ ಬಿಳಿ ಮಚ್ಚೆ ಇರುವವು ಗಂಡು, ಇಲ್ಲದವು ಹೆಣ್ಣು. ಇದೇ ಜೋಡಿಯನ್ನು ತಿರುಗಿಸಿ, ಶುದ್ಧ ಪಟ್ಟೆ ಹುಂಜಕ್ಕೆ ಕರಿ ಹೇಂಟೆ ಬಿಟ್ಟರೆ ಎಲ್ಲ ಮರಿಗೂ ಪಟ್ಟೆ ಬರುತ್ತದೆ. ಆಗ ಈ ಉಪಾಯ ನಡೆಯುವುದಿಲ್ಲ.

ಎರಡೂ ಕಡೆ ಪಟ್ಟೆ ಇದ್ದ ಜೋಡಿಯಲ್ಲಿ ಹುಂಜ ತಿಳಿಯಾಗಿ, ಹೇಂಟೆ ದಟ್ಟವಾಗಿ ಕಾಣುತ್ತದೆ. ಹುಂಜಕ್ಕೆ ಎರಡು ಪಾಲು ಪಟ್ಟೆ ಸಿಕ್ಕಿರುವುದೇ ಕಾರಣ. ಅದು ಕೊರತೆ ಅಲ್ಲ. ಹುಂಜ ಹೇಂಟೆಯಷ್ಟೇ ದಟ್ಟವಾಗಿದ್ದರೆ ಅದರಲ್ಲಿ ಪಟ್ಟೆ ಒಂದೇ ಪ್ರತಿ ಇರಬಹುದು ಎಂದು ಅನುಮಾನಿಸಿ. ಅದರ ಹೆಣ್ಣುಮರಿಗಳಲ್ಲಿ ಅರ್ಧದಷ್ಟಕ್ಕೆ ಪಟ್ಟೆ ಇರುವುದಿಲ್ಲ.

ಎಲ್ಲ ಗೆರೆಯೂ ಈ ಜಾತಿಯದ್ದಲ್ಲ ಎಂಬುದೂ ನೆನಪಿರಲಿ. ಮಣ್ಣು ಬಣ್ಣದ ಹೇಂಟೆಯ ಬೆನ್ನ ಮೇಲಿನ ಸಣ್ಣ ಗೆರೆ ಬೇರೆ ಜೀನ್‌ಗಳದ್ದು. ಅದರಲ್ಲಿ ನೆತ್ತಿ ಮಚ್ಚೆ ಹುಡುಕಬೇಡಿ.

ಬೆಳ್ಳಿ ಕತ್ತಿನ ಕೋಳಿಗೂ ಹೀಗೇನಾ?

ಹೌದು, ಲೆಕ್ಕ ಅದೇ. ಬೆಳ್ಳಿ-ಬಂಗಾರದ ಜೀನ್ ಕೂಡ ಅದೇ ವರ್ಣತಂತುವಿನ ಮೇಲಿದೆ. ಬೆಳ್ಳಿ ಬಲವಾದದ್ದು. ಬಂಗಾರದ ಹುಂಜಕ್ಕೆ ಬೆಳ್ಳಿ ಹೇಂಟೆ ಬಿಟ್ಟರೆ ಗಂಡುಮರಿ ಬೆಳ್ಳಿ, ಹೆಣ್ಣುಮರಿ ಬಂಗಾರ. ಕಂದು ಮೊಟ್ಟೆ ಕೋಳಿಗಳ ದೊಡ್ಡ ಕಂಪನಿಗಳು ಇದೇ ಉಪಾಯದಿಂದ ಮರಿ ಬೇರ್ಪಡಿಸುತ್ತವೆ. ಆದರೆ ಮೈಯೆಲ್ಲ ಕಪ್ಪಾದ ಕೋಳಿಯಲ್ಲಿ ಬೆಳ್ಳಿ-ಬಂಗಾರ ಎರಡೂ ಮುಚ್ಚಿಹೋಗುತ್ತವೆ.

ಬೂದಿ ಬಣ್ಣದ ಜೋಡಿ ಹಾಕಿದರೂ ಎಲ್ಲ ಮರಿ ಬೂದಿ ಆಗುವುದಿಲ್ಲ. ಯಾಕೆ?

ಎಷ್ಟೇ ತಲೆಮಾರು ಹಾಕಿದರೂ ಆಗುವುದಿಲ್ಲ. ನೀಲಿ ಛಾಯೆಯ ಈ ಬೂದಿ ಬರುವುದು ಜೀನ್ ಒಂದೇ ಪ್ರತಿ ಇದ್ದಾಗ. ಎರಡು ಪ್ರತಿ ಬಂದರೆ ಕೋಳಿ ಬಿಳಿಚಿಕೊಂಡು ಅಲ್ಲಲ್ಲಿ ಬೂದಿ-ಕಪ್ಪು ಸಿಡಿದಂತೆ ಕಾಣುತ್ತದೆ. ಒಂದೂ ಬರದಿದ್ದರೆ ಕಪ್ಪು. ಬೂದಿಗೆ ಬೂದಿ ಕೂಡಿದರೆ ನೂರಕ್ಕೆ ಸುಮಾರು 50 ಬೂದಿ, 25 ಕಪ್ಪು, 25 ಸಿಡಿದ ಬಿಳಿ.

ಎಲ್ಲ ಮರಿಯೂ ಬೂದಿ ಬೇಕು ಅಂದರೆ ಕಪ್ಪು ಕೋಳಿಗೆ ಆ ಸಿಡಿದ ಬಿಳಿ ಕೋಳಿಯನ್ನು ಜೋಡಿ ಮಾಡಿ. ನೂರಕ್ಕೆ ನೂರು ಬೂದಿ. ಜನ ಕೊಳಕು ಬಣ್ಣ ಎಂದು ಮೊದಲು ಮಾರುವುದೇ ಆ ಸಿಡಿದ ಬಿಳಿ ಕೋಳಿಯನ್ನು. ದಯವಿಟ್ಟು ಉಳಿಸಿಕೊಳ್ಳಿ.

ಬಿಳಿ ಜವಾರಿಗೆ ಬಿಳಿ ಜವಾರಿ ಕೂಡಿಸಿದರೆ ಬಣ್ಣದ ಮರಿ ಬರುತ್ತದಾ?

ಬರಬಹುದು. ಬಿಳಿಯಲ್ಲಿ ಎರಡು ಮುಖ್ಯ ಬಗೆ ಇವೆ. ಒಂದು ಬಲವಾದ ಬಿಳಿ, ವೈಟ್ ಲೆಗ್‌ಹಾರ್ನ್‌ನಲ್ಲಿ ಇರುವಂಥದ್ದು. ಒಂದು ಪ್ರತಿ ಬಂದರೂ ಕಪ್ಪನ್ನು ಅಳಿಸುತ್ತದೆ, ಕೆಂಪನ್ನು ಪೂರ್ತಿ ಅಳಿಸುವುದಿಲ್ಲ. ಫಾರಂನಿಂದ ಬಿಟ್ಟ ಬಿಳಿ ಕೋಳಿಗೆ ಜವಾರಿ ಕೂಡಿದಾಗ ಬಿಳಿ ಮೈಯಲ್ಲಿ ಒಂದೆರಡು ಕರಿ ಚುಕ್ಕೆ ಬರುತ್ತವಲ್ಲ, ಅದೇ ಇದು. ಇನ್ನೊಂದು ಅಡಗಿರುವ ಬಿಳಿ. ಎರಡು ಪ್ರತಿ ಸೇರಿದಾಗ ಮಾತ್ರ ಕಾಣುತ್ತದೆ. ಬಣ್ಣದ ಜೋಡಿಗೆ ಇದ್ದಕ್ಕಿದ್ದಂತೆ ಬಿಳಿ ಮರಿ ಬಂದರೆ ಹೆಚ್ಚಾಗಿ ಇದೇ ಕಾರಣ. ಬೇರೆ ಬೇರೆ ಬಗೆಯ ಎರಡು ಬಿಳಿ ಕೂಡಿದರೆ ಮೊದಲ ಮರಿಗಳು ಬಿಳಿಯಾಗಿ, ಅವುಗಳ ಮರಿಗಳಲ್ಲಿ ಬಣ್ಣ ಹೊರಬರಬಹುದು.

ಫಾರಂ ಕೋಳಿಯ ಬೆರಕೆಯಿಂದ ಕಾವಿಗೆ ಕೂರುವ ಗುಣವೂ ಹೋಗುತ್ತದೆ. ಬಣ್ಣಕ್ಕಿಂತ ಅದು ದೊಡ್ಡ ನಷ್ಟ.

ಕಪ್ಪು ಗರಿಯ ತುದಿಗೆ ಬಿಳಿ ಚುಕ್ಕೆ ಇರುವ ಕೋಳಿಯನ್ನು ಹೆಚ್ಚಿಸುವುದು ಹೇಗೆ?

ಈ ಚುಕ್ಕೆ ಸಾಮಾನ್ಯವಾಗಿ ಅಡಗುವ ಗುಣ. ಚುಕ್ಕೆ ಹುಂಜಕ್ಕೆ ಚುಕ್ಕೆ ಇಲ್ಲದ ಹೇಂಟೆ ಬಿಟ್ಟಾಗ ಒಂದು ಮರಿಗೂ ಚುಕ್ಕೆ ಬರಲಿಲ್ಲ ಎಂದು ಜನ ಕೈಬಿಡುತ್ತಾರೆ. ಕೈಬಿಡಬೇಡಿ. ಆ ಎಲ್ಲ ಮರಿಗಳ ಒಳಗೂ ಚುಕ್ಕೆ ಇದೆ. ಅವುಗಳಲ್ಲಿ ಗಟ್ಟಿಯಾದ ಹೆಣ್ಣುಮರಿಗೆ ಇನ್ನೊಂದು ಚುಕ್ಕೆ ಹುಂಜ ಬಿಟ್ಟರೆ ಅರ್ಧದಷ್ಟು ಮರಿಗೆ ಚುಕ್ಕೆ ಬರುತ್ತದೆ.

ಒಂದು ಕೋಳಿಯಲ್ಲಿ ಚುಕ್ಕೆ ಅಡಗಿದೆಯೋ ಇಲ್ಲವೋ ತಿಳಿಯಬೇಕಾ? ಚುಕ್ಕೆ ಇರುವ ಕೋಳಿಗೆ ಜೋಡಿ ಮಾಡಿ ಮರಿ ಎಣಿಸಿ. ಒಂದು ಮರಿಗೆ ಚುಕ್ಕೆ ಬಂದರೂ ಅಡಗಿದೆ ಎಂದೇ ಅರ್ಥ. ಸತತ 7 ಮರಿಗೂ ಬರದಿದ್ದರೆ ಇಲ್ಲ ಎಂದು ಹೆಚ್ಚು ಕಡಿಮೆ ನಂಬಬಹುದು. ಅಡಗಿದ್ದೂ 7 ಮರಿಯಲ್ಲಿ ಕಾಣದೇ ಹೋಗುವ ಸಾಧ್ಯತೆ 128ರಲ್ಲಿ ಒಂದು. ಅಡಗಿರುವ ಬಿಳಿಗೂ ಇದೇ ಪರೀಕ್ಷೆ.

ಚುಕ್ಕೆ ಕೋಳಿ ಪ್ರತಿ ಸಲ ಗರಿ ಉದುರಿಸಿದಾಗಲೂ ಬಿಳಿ ಜಾಸ್ತಿ ಆಗುತ್ತದೆ. ಅದಕ್ಕೆ ಎಳೆ ವಯಸ್ಸಿನಲ್ಲಿ ಸ್ವಲ್ಪ ಕಡಿಮೆ ಚುಕ್ಕೆ ಇರುವುದನ್ನೇ ಆರಿಸಿ.

ಗರಿ ಅಂಚಿಗೆಲ್ಲ ಕಪ್ಪು ಗೆರೆ ಇರುವ ಕೋಳಿ ಜವಾರಿಯಿಂದ ಮಾಡಬಹುದಾ?

ಅದಕ್ಕೆ ಮೂರ್ನಾಲ್ಕು ಜೀನ್ ಒಟ್ಟಿಗೆ ಸೇರಬೇಕು. ಸುಮ್ನೆ ಕೈ ಹಾಕಬೇಡಿ. ಮೊದಲು ಪಟ್ಟೆ ಅಥವಾ ಬೂದಿಯಲ್ಲಿ ಕೈ ಕುದುರಲಿ.

ಕಡಕನಾಥ್ ಹುಂಜ ಬಿಟ್ಟರೆ ಮರಿಗಳೆಲ್ಲ ಒಳಗೂ ಕರಿ ಆಗುತ್ತವಾ?

ಕಡಕನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯದ್ದು. 2018ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಅದರ ಕರಿ ಚರ್ಮಕ್ಕೆ ಒಂದು ಬಲವಾದ ಜೀನ್ ಕಾರಣ. ಆದರೆ ಚರ್ಮದ ಕಪ್ಪನ್ನು ತಡೆಯುವ ಇನ್ನೊಂದು ಜೀನ್ ಇದೆ. ಅದು ಮತ್ತೆ ಅದೇ ಲಿಂಗ ವರ್ಣತಂತುವಿನ ಮೇಲಿದೆ. ಹಳದಿ ಅಥವಾ ಬಿಳಿ ಕಾಲಿನ ಕೋಳಿಗಳಲ್ಲಿ ಈ ತಡೆ ಇರುತ್ತದೆ.

ಕಡಕನಾಥ್ ಹುಂಜಕ್ಕೆ ಹಳದಿ ಕಾಲಿನ ಜವಾರಿ ಹೇಂಟೆ ಬಿಟ್ಟರೆ ಹೆಣ್ಣುಮರಿಗಳ ಚರ್ಮ ಕರಿ, ಗಂಡುಮರಿಗಳದ್ದು ತಿಳಿ. ತಾಯಿಯ ತಡೆ ಗಂಡುಮಕ್ಕಳಿಗೆ ಮಾತ್ರ ಹೋಗುವುದೇ ಇದಕ್ಕೆ ಕಾರಣ. ತಿರುಗಿಸಿ, ಶುದ್ಧ ಹಳದಿ ಕಾಲಿನ ಜವಾರಿ ಹುಂಜಕ್ಕೆ ಕಡಕನಾಥ್ ಹೇಂಟೆ ಬಿಟ್ಟರೆ ಎಲ್ಲ ಮರಿಯ ಚರ್ಮವೂ ತಿಳಿಯಾಗುತ್ತದೆ.

ಗರಿ ಮಾತ್ರ ಎರಡೂ ಕಡೆ ಕಪ್ಪಾಗಿಯೇ ಬರಬಹುದು. ಆದ್ದರಿಂದ ಕರಿ ಗರಿ ನೋಡಿ ಕಡಕನಾಥ್ ಎಂದು ದುಡ್ಡು ಕೊಡಬೇಡಿ. ಜುಟ್ಟು, ನಾಲಿಗೆ, ಕಾಲು, ರೆಕ್ಕೆ ಕೆಳಗಿನ ಚರ್ಮ ಎಲ್ಲ ನೋಡಿ.

ಗುಂಗುರು ಗರಿ ಮತ್ತು ಬೋಳು ಕತ್ತಿನ ಕೋಳಿಗಳನ್ನು ಬೆಳೆಸಬಹುದಾ?

ಬೆಳೆಸಬಹುದು. ಗುಂಗುರಿಗೆ ಗುಂಗುರು ಮಾತ್ರ ಕೂಡಿಸಬೇಡಿ. ನಾಲ್ಕರಲ್ಲಿ ಒಂದು ಮರಿಗೆ ಎರಡು ಪ್ರತಿ ಬಂದು ಗರಿ ಪುಡಿಪುಡಿಯಾಗಿ ಉದುರುತ್ತದೆ, ಆ ಮರಿ ಚಳಿಗೆ ನರಳುತ್ತದೆ. ಗುಂಗುರಿಗೆ ಸಾದಾ ಗರಿಯದ್ದು ಕೂಡಿಸಿದರೆ ಅರ್ಧ ಗುಂಗುರು, ಅರ್ಧ ಸಾದಾ. ಅದೇ ಸರಿಯಾದ ದಾರಿ. ಖಾನಾಪುರದ ಮಳೆಯಲ್ಲಿ ಗುಂಗುರು ಕೋಳಿಗೆ ಒಣ ಗೂಡು ಇರಲೇಬೇಕು.

ಬೋಳು ಕತ್ತಿನದು ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ಕೋಳಿ. ವಿಜಯಪುರದಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವಾಗ ಗರಿ ಕಡಿಮೆ ಇದ್ದಷ್ಟೂ ಮೈ ಶಾಖ ಹೊರಹೋಗುತ್ತದೆ. ಕತ್ತಿನ ಮುಂದೆ ಕೆಳಗೆ ಒಂದು ಗರಿ ಗೊಂಚಲು ಇದ್ದರೆ ಒಂದು ಪ್ರತಿ, ಪೂರ್ತಿ ಬೋಳಿದ್ದರೆ ಎರಡು ಪ್ರತಿ.

ಹುಂಜ ಬದಲಾಯಿಸಿದರೂ ಹಳೆ ಹುಂಜದ ಬಣ್ಣದ ಮರಿ ಬರುತ್ತಿದೆ.

ಹೇಂಟೆಯ ದೇಹದಲ್ಲಿ ಹುಂಜದ ವೀರ್ಯ ಎರಡು ವಾರದಷ್ಟು ಉಳಿಯುತ್ತದೆ. ಹಳೆ ಹುಂಜವನ್ನು ತೆಗೆದು ಮೂರು ವಾರ ಬಿಟ್ಟ ಮೇಲಿನ ಮೊಟ್ಟೆಗಳನ್ನು ಮಾತ್ರ ಕಾವಿಗೆ ಇಡಿ. ಮೊಟ್ಟೆ ಮೇಲೆ ಪೆನ್ಸಿಲ್‌ನಿಂದ ತಾರೀಖು ಮತ್ತು ಹೇಂಟೆಯ ಗುರುತು ಬರೆಯಿರಿ. ಒಂದು ವಾರಕ್ಕಿಂತ ಹಳೆಯ ಮೊಟ್ಟೆ ಬೇಡ. ಮರಿ ಒಡೆದ ಮೇಲೆ ಕಾಲಿಗೆ ಬಣ್ಣದ ರಿಂಗ್ ಹಾಕಿ. ಮರಿ ಬೆಳೆದಂತೆ ರಿಂಗ್ ಬಿಗಿಯಾಗುತ್ತದೆ, ಬದಲಿಸುತ್ತಾ ಇರಿ. ನೋಟ್‌ಬುಕ್ ಇಲ್ಲದೆ ಈ ಕೆಲಸ ಆಗುವುದಿಲ್ಲ.

ಮರಿಯ ಬಣ್ಣ ಯಾವಾಗ ಪಕ್ಕಾ ಆಗುತ್ತದೆ?

ಐದಾರು ತಿಂಗಳಿಗೆ. ಅಲ್ಲಿವರೆಗೆ ಗರಿ ಹಲವು ಸಲ ಬದಲಾಗುತ್ತದೆ. ಎರಡು ತಿಂಗಳಿಗೆ ಕೊಳಕಾಗಿ ಕಂಡ ಮರಿ ಆರು ತಿಂಗಳಿಗೆ ಗುಂಪಿನ ಚಂದದ ಕೋಳಿ ಆಗಬಹುದು. ಎಂಟು ವಾರಕ್ಕೆ ಕಾಲು, ಕೊಕ್ಕು, ಬೆಳವಣಿಗೆ ನೋಡಿ ಆರಿಸಿ. ಬಣ್ಣದ ತೀರ್ಮಾನ ಕೊನೆಗೆ.

ಬಿಸಿಲು, ಮೇವಿನಿಂದ ಬಣ್ಣ ಕೆಡುತ್ತದಾ?

ಕೆಡುತ್ತದೆ. ಬಿಸಿಲಿಗೆ ಕರಿ ಗರಿ ಕಂದಾಗುತ್ತದೆ, ಕೆಂಪು ಮಾಸುತ್ತದೆ. ಬಿಳಿ ಕೋಳಿಗೆ ಹಳದಿ ಛಾಯೆ ಹತ್ತುತ್ತದೆ. ಮುಂದಿನ ಸಲ ಗರಿ ಉದುರಿ ಹೊಸದು ಬಂದಾಗ ಸರಿಹೋಗುತ್ತದೆ, ಮರಿಗೆ ಅದು ಹೋಗುವುದಿಲ್ಲ. ಹಾಗಾಗಿ ಏಪ್ರಿಲ್-ಮೇನಲ್ಲಿ ಕೋಳಿ ನೋಡಿ ಬಣ್ಣ ಅಳೆಯಬೇಡಿ. ಹೊಸ ಗರಿ ಬಂದ ಮೇಲೆ ನೋಡಿ. ಕಡು ಬೇಸಿಗೆಯಲ್ಲಿ ಹುಂಜದ ಫಲವತ್ತತೆಯೂ ತಗ್ಗುತ್ತದೆ, ಮೊಟ್ಟೆ ಖಾಲಿ ಹೋಗುವುದು ಜಾಸ್ತಿ.

ಗರಿ ಹೆಚ್ಚಿನ ಪಾಲು ಪ್ರೋಟೀನ್. ಗರಿ ಬದಲಾಗುವಾಗ ಬರೀ ಜೋಳ ಹಾಕಿದರೆ ಸಾಲದು. ಶೇಂಗಾ ಹಿಂಡಿ, ಹುಳು, ಅಜೋಲಾ ಏನಾದರೂ ಸೇರಿಸಿ. ಹಿಂಡಿಗೆ ಬೂಸ್ಟು ಬಂದಿದ್ದರೆ ಮುಟ್ಟಬೇಡಿ, ಅದು ಕೋಳಿಯ ಯಕೃತ್ತಿಗೆ ವಿಷ. ಗೋವಿನಜೋಳ ಹಾಕಿದರೆ ಕಾಲು ಮತ್ತು ಮೊಟ್ಟೆಯ ಭಂಡಾರ ಹಳದಿಯಾಗುತ್ತದೆ. ಬಿಳಿ ಜೋಳ ತಿಂದ ಕೋಳಿಯ ಕಾಲು ಮಂಕಾಗಿ ಕಂಡರೆ ತಳಿ ಕೆಟ್ಟಿದೆ ಎಂದು ತಿಳಿಯಬೇಡಿ.

ಕಾಡುಕೋಳಿ ಜೊತೆ ಬೆರಕೆ ಮಾಡಿದರೆ?

ಬೇಡ. ಖಾನಾಪುರದ ಕಾಡಿನಲ್ಲಿರುವ ಬೂದು ಕಾಡುಕೋಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿಯುವುದು, ಅದರ ಮೊಟ್ಟೆ ತರುವುದು ಎರಡೂ ಅಪರಾಧ. ಅದರ ಕೊಡುಗೆ ನಮ್ಮ ಕೋಳಿಗಳಲ್ಲಿ ಆಗಲೇ ಇದೆ. ಸಾಕುಕೋಳಿಗೆ ಹಳದಿ ಕಾಲು ಕೊಡುವ ಜೀನ್ ಈ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ನಿಮ್ಮ ಹಿತ್ತಲಿನ ಹಳದಿ ಕಾಲಿನ ಹೇಂಟೆಯ ದೂರದ ಬಂಧು ಸಹ್ಯಾದ್ರಿಯ ಕಾಡಿನಲ್ಲಿದೆ ಅನ್ನುವುದೇ ನನಗೆ ದೊಡ್ಡ ಖುಷಿ.

ಹೇಂಟೆಗೆ ಹುಂಜದ ಗರಿ ಬಂದು ಕೂಗುತ್ತಿದೆ. ಅಪಶಕುನವಾ?

ಅಲ್ಲ. ಹೇಂಟೆಯ ಅಂಡಾಶಯ ವಯಸ್ಸಿನಿಂದಲೋ ರೋಗದಿಂದಲೋ ಕೆಲಸ ನಿಲ್ಲಿಸಿದರೆ ಹೆಣ್ಣು ಹಾರ್ಮೋನು ಇಲ್ಲದೆ ಹುಂಜದಂಥ ಗರಿ ಬೆಳೆಯುತ್ತದೆ. ಅಂಥದು ಸಾಮಾನ್ಯವಾಗಿ ಮೊಟ್ಟೆ ಇಡುವುದಿಲ್ಲ. ಹೆದರಿ ಕೊಲ್ಲಬೇಕಿಲ್ಲ.

ಒಂದೇ ಮನೆತನದಲ್ಲಿ ಕೂಡಿಸುತ್ತಾ ಹೋಗಬಹುದಾ?

ಬಣ್ಣ ಬೇಗ ನಿಲ್ಲುತ್ತದೆ, ಕೋಳಿ ಬೇಗ ಸೊರಗುತ್ತದೆ. ತಂದೆ-ಮಗಳು ಒಂದು ಸಲ ಆದರೆ ತೊಂದರೆ ಕಾಣದೇ ಇರಬಹುದು. ಅದನ್ನೇ ಮುಂದುವರಿಸಿದರೆ ಮೊಟ್ಟೆ ಒಡೆದು ಮರಿ ಬರುವುದು ಕಡಿಮೆಯಾಗುತ್ತದೆ, ಮರಿ ಸಾಯುತ್ತವೆ. ಮೂರು ಗುಂಪು ಮಾಡಿ. ಹೆಣ್ಣುಮರಿ ತಾಯಿಯ ಗುಂಪಲ್ಲೇ ಇರಲಿ, ಗಂಡುಮರಿ ಪ್ರತಿ ವರ್ಷ ಪಕ್ಕದ ಗುಂಪಿಗೆ ಹೋಗಲಿ. ನಿಮ್ಮಲ್ಲಿ ಜಾಗ ಇಲ್ಲದಿದ್ದರೆ ಊರಿನ ಮೂರು ಮನೆಯವರು ಸೇರಿ ಮಾಡಬಹುದು.

ಗಿರಿರಾಜ ಕೋಳಿಯಿಂದ ಬಣ್ಣದ ತಳಿ ಮಾಡಬಹುದಾ?

ಗಿರಿರಾಜವನ್ನು ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದರು. ಆ ಕೆಲಸಕ್ಕೆ ಒಳ್ಳೆ ಕೋಳಿ. ಆದರೆ ಅದು ಬೆರಕೆಯಿಂದ ಮಾಡಿದ್ದು, ಅದರ ಮರಿಗಳು ಒಂದೇ ಥರ ಬರುವುದಿಲ್ಲ. ಜವಾರಿ ಬಣ್ಣ ಉಳಿಸುವವರು ಬೇರೆಯಾಗಿಯೇ ಸಾಕಿ.

ಲಸಿಕೆ ಹಾಕಿದರೆ ಜವಾರಿಯ ಶಕ್ತಿ ಹೋಗುತ್ತದಾ?

ಇಲ್ಲ. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ವರ್ಷಗಳ ಆಯ್ಕೆ ಒಂದು ವಾರದಲ್ಲಿ ಮುಗಿಯುತ್ತದೆ. ಮೊದಲ ವಾರ ಕಣ್ಣಿಗೆ ಹನಿ, ಎರಡು ತಿಂಗಳ ಹೊತ್ತಿಗೆ ಚುಚ್ಚುಮದ್ದು, ನಡುವೆ ಸಿಡುಬಿನದ್ದು. ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಕಾಳಗಕ್ಕೆ ಬಣ್ಣ ನೋಡಿ ಹುಂಜ ಕೇಳುತ್ತಾರೆ. ಕೊಡಬಹುದಾ?

ಕೊಡಬೇಡಿ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ ಪ್ರಕಾರ ಕೋಳಿ ಕಾಳಗ ಅಪರಾಧ. ಅಷ್ಟು ಪ್ರೀತಿಯಿಂದ ಬೆಳೆಸಿದ ಹುಂಜವನ್ನು ಕಾಲಿಗೆ ಕತ್ತಿ ಕಟ್ಟುವವರ ಕೈಗೆ ಕೊಡಲು ನನಗಂತೂ ಮನಸ್ಸು ಬರುವುದಿಲ್ಲ.

ಬಣ್ಣಕ್ಕೆ ಹೊಂದದ ಮರಿಗಳನ್ನು ಏನು ಮಾಡುವುದು?

ಗಂಡುಮರಿಗಳು ಮಾಂಸಕ್ಕೆ ಹೋಗುತ್ತವೆ, ಜವಾರಿಗೆ ಗಿರಾಕಿ ಯಾವಾಗಲೂ ಇದ್ದಾರೆ. ಹೆಣ್ಣುಮರಿಗಳಲ್ಲಿ ಕಾವಿಗೆ ಚೆನ್ನಾಗಿ ಕೂರುವವನ್ನು ಇಟ್ಟುಕೊಳ್ಳಿ. ನಿಮ್ಮ ಚಂದದ ಹೇಂಟೆಯ ಮೊಟ್ಟೆಗಳನ್ನು ಅವುಗಳ ಕೆಳಗೆ ಇಟ್ಟರೆ ಚಂದದ ಹೇಂಟೆ ಮತ್ತೆ ಬೇಗ ಮೊಟ್ಟೆಗೆ ಬರುತ್ತದೆ, 21 ದಿನಕ್ಕೆ ಮರಿ ನಿಮ್ಮ ಕೈಗೆ ಸಿಗುತ್ತವೆ. ಒಂದು ಜವಾರಿ ಹೇಂಟೆಯ ಕೆಳಗೆ ಹತ್ತು-ಹನ್ನೆರಡು ಮೊಟ್ಟೆ ಇಡಬಹುದು. ಏಳನೇ ದಿನ ರಾತ್ರಿ ಟಾರ್ಚ್ ಹಿಡಿದು ನೋಡಿ, ಖಾಲಿ ಇದ್ದವನ್ನು ತೆಗೆದುಬಿಡಿ.